ಔಟ್‌ಲೈನ್ ಮತ್ತು ಕಾಂಟೂರ್: ಅಂಚಿನ ಗೆರೆ ಒಂದು, ಏರಿಳಿತದ ಗೆರೆ ಇನ್ನೊಂದು

ಕಾಸರಗೋಡು ಪೇಟೆಯಲ್ಲಿ ಶಾಲೆಯ ಹತ್ತಿರದ ಯಾವುದಾದರೂ ಸ್ಟೇಷನರಿ ಅಂಗಡಿಗೆ ಹೋಗಿ ‘ಒಂದು ಇಂಡಿಯಾ ಔಟ್‌ಲೈನ್ ಮ್ಯಾಪ್ ಕೊಡಿ’ ಎಂದರೆ ಸಾಕು, ಕಟ್ಟಿನಿಂದ ಒಂದು ಹಾಳೆ ಎಳೆದು ಕೊಡುತ್ತಾರೆ. ಭಾರತದ ಸುತ್ತ ಒಂದು ಗೆರೆ, ಒಳಗೆಲ್ಲ ಖಾಲಿ. ನದಿ, ಪರ್ವತ, ಬಂದರು ತುಂಬಿಸುವುದು ಮಕ್ಕಳ ಕೆಲಸ. ಅಲ್ಲಿಯೇ ‘ಕಾಂಟೂರ್ ಮ್ಯಾಪ್ ಇದೆಯಾ?’ ಎಂದು ಕೇಳಿ ನೋಡಿ. ಅಂಗಡಿಯವರು ನಿಮ್ಮ ಮುಖ ನೋಡುತ್ತಾರೆ. ಅದು ಸರ್ವೆ ಆಫ್ ಇಂಡಿಯಾದವರು ತಯಾರಿಸುವ ಟೊಪೊಶೀಟು. ಅದರ ತುಂಬ ಕಂದು ಬಣ್ಣದ ಸಣ್ಣ ಗೆರೆಗಳು. ನಮ್ಮ ಕಡೆಯ ಗುಡ್ಡೆಗಳಿರುವ ಹಾಳೆಯಾದರಂತೂ ಬೆರಳಿಡಲು ಜಾಗ ಸಿಗುವುದಿಲ್ಲ.

ಈಗ ನಿಘಂಟು ತೆಗೆಯಿರಿ. ಎಷ್ಟೋ ನಿಘಂಟುಗಳಲ್ಲಿ ಈ ಎರಡೂ ಪದಗಳಿಗೆ ಹೆಚ್ಚುಕಡಿಮೆ ಒಂದೇ ಅರ್ಥ ಕೊಟ್ಟಿರುತ್ತಾರೆ: ಹೊರಗೆರೆ, ಬಾಹ್ಯರೇಖೆ, ರೂಪರೇಖೆ. ಅರ್ಥ ಒಂದೇ ಆದರೆ ಒಂದು ಮ್ಯಾಪಿನ ಒಳಗೆ ಏನೂ ಇಲ್ಲ, ಇನ್ನೊಂದರ ಒಳಗೆ ಗೆರೆಗಳ ಜಾತ್ರೆ, ಇದು ಹೇಗೆ?

ಔಟ್‌ಲೈನ್ ಎಂಬುದು ಒಂದು ವಸ್ತು ಎಲ್ಲಿಗೆ ಮುಗಿಯಿತು ಎಂದು ಹೇಳುವ ಗೆರೆ. ಅದರ ಆಚೆ ಬೇರೆ ಏನೋ ಶುರುವಾಗುತ್ತದೆ. ಕಾಂಟೂರ್ ಎಂಬುದು ಆ ವಸ್ತುವಿನ ಮೈ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಎಲ್ಲಿ ತಿರುಗುತ್ತದೆ ಎಂದು ಹೇಳುವ ಗೆರೆ. ಅಂಚಿನಲ್ಲೂ ಅದು ಇರಬಹುದು, ನಟ್ಟ ನಡುವೆಯೂ ಇರಬಹುದು.

ಎರಡೂ ಪದಗಳು ಇಂಗ್ಲಿಷಿಗೆ ಬಂದದ್ದು 17ನೇ ಶತಮಾನದಲ್ಲಿ. ಔಟ್‌ಲೈನ್ ಅಲ್ಲಿಯೇ ಹುಟ್ಟಿದ ಪದ, ‘ಹೊರಗೆ’ ಮತ್ತು ‘ಗೆರೆ’ ಸೇರಿ ಆದದ್ದು. ಕಾಂಟೂರ್ ಫ್ರೆಂಚಿನಿಂದ ಬಂತು, ಫ್ರೆಂಚಿಗೆ ಇಟಾಲಿಯನ್‌ನಿಂದ. ಚಿತ್ರ ಬರೆಯುವವರ, ಶಿಲ್ಪ ಕೆತ್ತುವವರ ಬಾಯಲ್ಲಿ ಓಡಾಡುತ್ತಿದ್ದ ಪದ ಅದು. ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್‌ನಲ್ಲಿ ಲೇತ್ ಯಂತ್ರಕ್ಕೆ ಮರ ಕೊಟ್ಟು ತಿರುಗಿಸಿ ಕಡೆಯುವುದು ಎಂಬ ಅರ್ಥದ ಮಾತು ಸಿಗುತ್ತದೆ. ಇಂಗ್ಲಿಷಿನ ‘ಟರ್ನ್’ ಕೂಡ ಅದೇ ಬೇರಿನದು. ಹಾಗಾಗಿ ಒಂದು ಪದದ ಹೊಟ್ಟೆಯಲ್ಲಿ ಗೆರೆ ಇದೆ, ಇನ್ನೊಂದರ ಹೊಟ್ಟೆಯಲ್ಲಿ ತಿರುಗುವುದು ಇದೆ. ಕಡೆದ ಮರದ ಮೈಯ ಉಬ್ಬುತಗ್ಗು ಕಾಂಟೂರಿನ ಒಳಗೆ ಇವತ್ತಿಗೂ ಉಳಿದಿದೆ ಎನ್ನಬಹುದು.

ಬೇಕಲ ಕೋಟೆಯನ್ನು ತೆಗೆದುಕೊಳ್ಳಿ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ್ದು, ವಿಸ್ತಾರ ಸುಮಾರು 40 ಎಕರೆ. ಮೇಲಿನಿಂದ ತೆಗೆದ ಫೋಟೋದಲ್ಲಿ ಅದು ಹಳೆಯ ಬೀಗದ ಕೀಲಿ ತೂತಿನ ಹಾಗೆ ಕಾಣುತ್ತದೆ. ಪ್ರವಾಸಿ ಪುಸ್ತಿಕೆಗಳಲ್ಲೆಲ್ಲ ಈ ಮಾತು ಇದ್ದೇ ಇರುತ್ತದೆ. ಆ ಕೀಲಿ ತೂತಿನ ಆಕಾರ ಕೋಟೆಯ ಔಟ್‌ಲೈನ್. ಆದರೆ ಅದೇ ಕೋಟೆಯನ್ನು ಕೆಳಗಿನ ಸಮುದ್ರ ದಂಡೆಯಲ್ಲಿ ನಿಂತು ನೋಡಿ. ಕೀಲಿ ತೂತೂ ಇಲ್ಲ, ಏನೂ ಇಲ್ಲ. ಉದ್ದಕ್ಕೆ ಮಲಗಿದ ಮುರಕಲ್ಲಿನ ಗೋಡೆ, ನಡುನಡುವೆ ದುಂಡಗಿನ ಕೊತ್ತಳ, ಅಷ್ಟೇ. ಅದೂ ಔಟ್‌ಲೈನೇ. ಒಂದೇ ಕೋಟೆಗೆ ಎರಡು ಔಟ್‌ಲೈನ್ ಹೇಗೆ ಬಂತು? ನಾವು ನಿಂತ ಜಾಗ ಬದಲಾಯಿತು, ಅದಕ್ಕೆ. ಔಟ್‌ಲೈನ್ ನೋಡುವವರ ಕಣ್ಣಿಗೆ ಕಟ್ಟುಬಿದ್ದದ್ದು.

ಕೋಟೆ ನಿಂತ ನೆಲದ ಏರಿಳಿತ ಹಾಗಲ್ಲ. ನೀವು ದಂಡೆಯಿಂದ ನೋಡಿ, ಪಳ್ಳಿಕ್ಕರೆಯ ರೈಲಿನಿಂದ ನೋಡಿ, ನೋಡದೆಯೇ ಇರಿ, ಆ ನೆಲ ಸಮುದ್ರ ಮಟ್ಟದಿಂದ ಎಷ್ಟು ಮೇಲಿದೆಯೋ ಅಷ್ಟೇ ಮೇಲಿರುತ್ತದೆ. ಮ್ಯಾಪಿನ ಕಾಂಟೂರ್ ಹಿಡಿಯುವುದು ಇದನ್ನು. ಈ ವ್ಯತ್ಯಾಸವನ್ನು ಪಾಠ ಮಾಡುವಾಗ ಯಾರೂ ಒತ್ತಿ ಹೇಳುವುದಿಲ್ಲ, ನನಗಂತೂ ಇದೇ ಮುಖ್ಯ ಅನಿಸುತ್ತದೆ.

ಮ್ಯಾಪಿನ ಕಾಂಟೂರ್ ಗೆರೆಗೆ ನಮ್ಮ ಶಾಲಾ ಪುಸ್ತಕಗಳಲ್ಲಿ ಸಮೋನ್ನತಿ ರೇಖೆ ಎನ್ನುತ್ತಾರೆ. ಸಮುದ್ರ ಮಟ್ಟದಿಂದ ಒಂದೇ ಎತ್ತರದಲ್ಲಿರುವ ಜಾಗಗಳನ್ನೆಲ್ಲ ಸೇರಿಸಿ ಎಳೆದ ಗೆರೆ. ಪರೀಕ್ಷೆಗೆ ಉರು ಹೊಡೆಯಲು ಇಷ್ಟು ಸಾಕು. ಆದರೆ ಗೆರೆ ನೋಡಿದ ಕೂಡಲೇ ಗುಡ್ಡೆ ಕಣ್ಣಿಗೆ ಕಟ್ಟಬೇಕಾದರೆ ಒಂದು ಗುಡ್ಡೆಯನ್ನೇ ಹಿಡಿದುಕೊಳ್ಳಬೇಕು. ಧರ್ಮತ್ತಡ್ಕದ ಹತ್ತಿರದ ಪೊಸಡಿಗುಂಪೆ ಆಗಬಹುದು.

ಪೊಸಡಿಗುಂಪೆಯ ಎತ್ತರ 1,060 ಅಡಿ ಎಂದು ಲೆಕ್ಕ. ಮೀಟರಿನಲ್ಲಿ ಸುಮಾರು 323. ಟೊಪೊಶೀಟು 1:50,000 ಅಳತೆಯಲ್ಲಿರುತ್ತದೆ. ಅಂದರೆ ನೆಲದ ಮೇಲಿನ ಅರ್ಧ ಕಿಲೋಮೀಟರ್ ಹಾಳೆಯ ಮೇಲೆ ಒಂದು ಸೆಂಟಿಮೀಟರ್. ಈ ಹಾಳೆಗಳಲ್ಲಿ ಸಾಮಾನ್ಯವಾಗಿ 20 ಮೀಟರ್ ಎತ್ತರಕ್ಕೊಂದು ಗೆರೆ. ಪ್ರತಿ ಐದನೆಯ ಗೆರೆ ಸ್ವಲ್ಪ ದಪ್ಪ: 100, 200, 300. ಹಾಗಾದರೆ ಪೊಸಡಿಗುಂಪೆಯ ನೆತ್ತಿಯ ಹತ್ತಿರ ಬರುವ ಕೊನೆಯ ಗೆರೆ 320ರದ್ದು. ಅದೊಂದು ಪುಟ್ಟ ಬಳೆ. ಅದರ ಒಳಗೆ ಇರುವ ನೆಲ ಇನ್ನು ಮೂರು ಮೀಟರ್ ಮೇಲೇರಿ ಮುಗಿಯುತ್ತದೆ. ಆ ಮೂರು ಮೀಟರಿಗೆ ಬೇರೆ ಗೆರೆ ಇಲ್ಲ. ಅದರ ಹೊರಗೆ 300ರ ದಪ್ಪ ಗೆರೆ, ಅದರ ಹೊರಗೆ 280, ಹೀಗೆ ಕೆಳಗಿಳಿಯುತ್ತ ಹೋಗುತ್ತದೆ.

ಗೆರೆ ಗೆರೆಯ ನಡುವಿನ ಅಂತರದಲ್ಲಿಯೇ ಎಲ್ಲ ವಿಷಯ ಇರುವುದು. ಎರಡು ಗೆರೆಗಳ ನಡುವೆ ಹಾಳೆಯ ಮೇಲೆ ಒಂದು ಮಿಲಿಮೀಟರ್ ಜಾಗ ಇದೆ ಎಂದಿಟ್ಟುಕೊಳ್ಳಿ. ಅಂದರೆ ನೆಲದಲ್ಲಿ 50 ಮೀಟರ್ ನಡೆಯುವಷ್ಟರಲ್ಲಿ 20 ಮೀಟರ್ ಮೇಲೇರಬೇಕು. ಏದುಸಿರು ಬರುವ ಏರು ಅದು. ಅದೇ ಎರಡು ಗೆರೆಗಳ ನಡುವೆ ಒಂದು ಸೆಂಟಿಮೀಟರ್ ಇದ್ದರೆ ಅರ್ಧ ಕಿಲೋಮೀಟರ್ ನಡೆದು 20 ಮೀಟರ್ ಏರಿದರಾಯಿತು. ಮಾತಾಡಿಕೊಂಡೇ ಹೋಗಬಹುದು. ಗೆರೆ ಒತ್ತಾದಲ್ಲಿ ಕಡಿದು, ಬಿಡಿಯಾದಲ್ಲಿ ಸಪಾಟು. ಔಟ್‌ಲೈನ್ ಮ್ಯಾಪನ್ನು ಹೇಗೆ ತಿರುಗಿಸಿ ನೋಡಿದರೂ ಈ ಏದುಸಿರಿನ ಸುದ್ದಿ ಅದರಲ್ಲಿ ಸಿಗುವುದಿಲ್ಲ.

ಹೀಗೆ ಗೆರೆ ಸೇರಿಸುವ ಉಪಾಯದ ಒಂದು ಹಳೆಯ ಕಥೆ ಸ್ಕಾಟ್ಲೆಂಡಿನದು. 1774ರಲ್ಲಿ ಅಲ್ಲಿನ ಶಿಹಾಲಿಯನ್ ಎಂಬ ಬೆಟ್ಟದ ಹತ್ತಿರ ನೆವಿಲ್ ಮ್ಯಾಸ್ಕಲೈನ್ ಎಂಬ ಖಗೋಳ ವಿಜ್ಞಾನಿ ತೂಗುಗುಂಡು ಇಟ್ಟು ಅಳತೆ ಮಾಡಿದ. ಬೆಟ್ಟ ಗುಂಡನ್ನು ತನ್ನ ಕಡೆಗೆ ಎಷ್ಟು ಸೆಳೆಯುತ್ತದೆ ಎಂದು ತಿಳಿದರೆ ಭೂಮಿಯ ಸಾಂದ್ರತೆ ಲೆಕ್ಕ ಹಾಕಬಹುದು ಎಂಬುದು ಯೋಚನೆ. ಅದಕ್ಕೆ ಬೆಟ್ಟದ ಗಾತ್ರ ಗೊತ್ತಾಗಬೇಕಲ್ವಾ? ಲೆಕ್ಕದ ಕೆಲಸ ಚಾರ್ಲ್ಸ್ ಹಟನ್ ಎಂಬ ಗಣಿತಜ್ಞನ ಪಾಲಿಗೆ ಬಂತು. ಅವನ ಮುಂದೆ ಇದ್ದದ್ದು ಬೆಟ್ಟದ ಮೇಲೆ ಅಲ್ಲಲ್ಲಿ ಅಳೆದ ಎತ್ತರಗಳ ರಾಶಿ. ಸುಮ್ನೆ ಅಂಕಿಗಳು. ಒಂದೇ ಎತ್ತರದ ಅಂಕಿಗಳನ್ನು ಪೆನ್ಸಿಲಿನಿಂದ ಸೇರಿಸಿದ ಕೂಡಲೇ ಬೆಟ್ಟದ ಆಕಾರ ಹಾಳೆಯ ಮೇಲೆ ಎದ್ದು ಬಂತು. ನೀರಿನ ಆಳ ತೋರಿಸಲು ಇಂಥ ಗೆರೆಗಳನ್ನು ಅದಕ್ಕೂ ಮೊದಲೇ ಎಳೆದವರಿದ್ದಾರೆ. ಬೆಟ್ಟ ಅಳೆಯಲು ಇದು ಎಷ್ಟು ಉಪಯೋಗದ್ದು ಎಂದು ಚೆನ್ನಾಗಿ ತೋರಿಸಿಕೊಟ್ಟವನು ಹಟನ್.

ನಮ್ಮ ದೇಶದ ಔಟ್‌ಲೈನ್ ಸರಿಯಾಗಿದ್ದಕ್ಕೂ ಒಂದು ಕಥೆ ಇದೆ, ಅದರಲ್ಲಿ ನಮ್ಮ ಕರಾವಳಿಯೂ ಇದೆ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನೆಯ ಸರ್ವೆ ಅಧಿಕಾರಿ ಮದ್ರಾಸಿನ ಹತ್ತಿರ ಅಡಿಗೆರೆ (ಮುಂದಿನ ಅಳತೆಗೆಲ್ಲ ಆಧಾರವಾಗುವ ಮೊದಲ ಗೆರೆ) ಅಳೆದು ತ್ರಿಕೋನಗಳನ್ನು ಕಟ್ಟುತ್ತ ಪಶ್ಚಿಮಕ್ಕೆ ಹೊರಟ. ಮೈಸೂರು ದಾಟಿ ಮಂಗಳೂರಿನ ಕಡೆಯ ಕಡಲಿಗೆ ಬಂದು ಮುಟ್ಟಿದಾಗ ಗೊತ್ತಾಯಿತು, ದಕ್ಷಿಣ ಭಾರತದ ಅಗಲ ಅಲ್ಲಿ ಸುಮಾರು 360 ಮೈಲಿ ಮಾತ್ರ. ಹಳೆಯ ಮ್ಯಾಪುಗಳು 400 ಎನ್ನುತ್ತಿದ್ದವು. 40 ಮೈಲಿ ಅಗಲದ ಒಂದು ಪಟ್ಟಿ ಇಲ್ಲದ ನೆಲ! ತಪ್ಪಿದ್ದದ್ದು ಔಟ್‌ಲೈನ್. ಘಟ್ಟ ಎಷ್ಟು ಎತ್ತರ, ಕಣಿವೆ ಎಷ್ಟು ಆಳ ಎಂಬುದು ಬೇರೆಯೇ ಕೆಲಸ. ದೇಶದ ಅಂಚು ಸರಿಯಾದ ಮಾತ್ರಕ್ಕೆ ದೇಶದ ಏರಿಳಿತ ಗೊತ್ತಾದ ಹಾಗೆ ಆಗುವುದಿಲ್ಲ.

ಗಡಿಯಲ್ಲಿ ಬದುಕುವವರಿಗೆ ಔಟ್‌ಲೈನ್ ಎಂದರೆ ಏನು ಎಂದು ಹೇಳಿಕೊಡಬೇಕಾಗಿಲ್ಲ. 1956ರ ನವೆಂಬರ್ 1ರಂದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ತಾಲೂಕು ಬೇರೆಯಾಗಿ ಕೇರಳಕ್ಕೆ ಸೇರಿತು. ಗುಡ್ಡೆ ಅಲ್ಲೇ, ತೋಡು ಅಲ್ಲೇ, ಅಡಿಕೆ ತೋಟ ಅಲ್ಲೇ. ಒಂದೇ ಒಂದು ಕಾಂಟೂರ್ ಕದಲಲಿಲ್ಲ. ಬದಲಾದದ್ದು ಎರಡು ರಾಜ್ಯಗಳ ಔಟ್‌ಲೈನ್. 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಾಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ, ಆ ಕಥೆ ಇಲ್ಲಿ ಬೇಡ. ನಮಗೆ ಬೇಕಾದದ್ದು ಆ ಹೊಳೆ.

ಹೊಳೆ ಗಡಿಯಾಗಬಹುದು. ಪ್ರಪಂಚದಲ್ಲಿ ಎಷ್ಟೋ ಕಡೆ ಆಗಿದೆ. ಚಂದ್ರಗಿರಿಯನ್ನೂ ತುಳುನಾಡಿನ ತೆಂಕಣ ಗಡಿ ಎಂದು ಹಿಂದಿನಿಂದಲೂ ಹೇಳುತ್ತಾರೆ. ಅಂದರೆ ಹೊಳೆ ಔಟ್‌ಲೈನ್ ಆಗಬಲ್ಲದು. ಆದರೆ ಹರಿಯುವ ಹೊಳೆ ಎಂದಿಗೂ ಕಾಂಟೂರ್ ಗೆರೆ ಆಗಲಾರದು. ಕಾಂಟೂರ್ ಗೆರೆಯ ಮೇಲೆ ಎಲ್ಲ ಕಡೆ ಒಂದೇ ಎತ್ತರ. ಒಂದೇ ಎತ್ತರದಲ್ಲಿ ನೀರು ಹರಿಯುವುದಿಲ್ಲ, ನಿಲ್ಲುತ್ತದೆ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಪಯಸ್ವಿನಿ ಎನಿಸಿಕೊಂಡು ಕೆಳಗಿಳಿದು ಬರುವ ಈ ಹೊಳೆ ಸಮುದ್ರ ಸೇರುವ ತನಕ ಕಾಂಟೂರ್ ಗೆರೆಗಳನ್ನು ಒಂದೊಂದಾಗಿ ಕಡಿದುಕೊಂಡೇ ಬರಬೇಕು. ಟೊಪೊಶೀಟಿನಲ್ಲಿ ಹೊಳೆ ದಾಟುವ ಜಾಗದಲ್ಲಿ ಗೆರೆ ಹೇಗೆ ಮೊನೆಯಾಗಿ ಬಾಗಿದೆ ಎಂದು ನೋಡಿ. ಆ ಮೊನೆ ಯಾವಾಗಲೂ ಹೊಳೆ ಬರುವ ದಿಕ್ಕಿಗೆ, ಮೇಲಕ್ಕೆ, ತೋರಿಸುತ್ತದೆ. ಹೊಳೆ ಯಾವ ಕಡೆಗೆ ಹರಿಯುತ್ತದೆ ಎಂದು ಬಾಣದ ಗುರುತು ಇಲ್ಲದಿದ್ದರೂ ಇದರಿಂದ ತಿಳಿಯಬಹುದು.

ಹಾಗಾದರೆ ಒಂದೇ ಗೆರೆ ಎರಡೂ ಆಗುವ ಜಾಗ ಇಲ್ಲವೇ? ಇದೆ, ಕಣ್ಣ ಮುಂದೆಯೇ ಇದೆ. ಸಮುದ್ರ ತೀರ. ಮಂಜೇಶ್ವರದಿಂದ ಬೇಕಲ, ಹೊಸದುರ್ಗ ದಾಟಿ ಕೆಳಗೆ ಹೋಗುವ ಕಡಲಂಚು ಭಾರತದ ಔಟ್‌ಲೈನಿನ ಒಂದು ತುಂಡು. ಅದೇ ಗೆರೆ ಸೊನ್ನೆ ಎತ್ತರದ ಕಾಂಟೂರೂ ಹೌದು. ಉಬ್ಬರ ಇಳಿತದಿಂದ ನೀರು ಮೇಲೆ ಕೆಳಗೆ ಆಗುತ್ತಿರುತ್ತದೆ, ಆದ್ದರಿಂದ ಸರಾಸರಿ ಸಮುದ್ರ ಮಟ್ಟ ಎಂದು ಒಂದನ್ನು ಹಿಡಿಯುತ್ತಾರೆ. ಭಾರತದಲ್ಲಿ ಎತ್ತರ ಅಳೆಯಲು ಹಿಂದೆ ಒಂಬತ್ತು ಬಂದರುಗಳ ಉಬ್ಬರ ಇಳಿತದ ಲೆಕ್ಕ ಹಿಡಿದಿದ್ದರು. ನಮ್ಮ ಬಡಗಣ ಕಾರವಾರ, ತೆಂಕಣ ಬೇಪೂರು ಎರಡೂ ಅದರಲ್ಲಿದ್ದವು. ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನಲ್ಲಿ ಊರ ಹೆಸರಿನ ಕೆಳಗೆ ಎಂ.ಎಸ್.ಎಲ್. (ಮೀನ್ ಸೀ ಲೆವೆಲ್, ಅಂದರೆ ಇದೇ ಸರಾಸರಿ ಸಮುದ್ರ ಮಟ್ಟ) ಎಂದು ಒಂದು ಅಂಕಿ ಇರುತ್ತದೆ ನೋಡಿ, ಅದು ಆ ಪ್ಲಾಟ್‌ಫಾರ್ಮ್ ಯಾವ ಕಾಂಟೂರಿನ ಮೇಲೆ ಇದೆ ಎಂಬ ಸುದ್ದಿ.

ಮ್ಯಾಪು ಬೇಡ, ನೆಲದ ಮೇಲೆಯೇ ಕಾಂಟೂರ್ ನೋಡಬೇಕು ಎಂದರೆ ಗುಡ್ಡೆಯಲ್ಲಿ ಇಂಗು ಕಾಲುವೆ ತೆಗೆಸುವ ಕಡೆ ಹೋಗಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬಿದ್ದರೂ ಏಪ್ರಿಲ್ ಹೊತ್ತಿಗೆ ಬಾವಿ ಒಣಗುವ ಊರು ನಮ್ಮದು. ಬಿದ್ದ ನೀರು ಇಳಿಜಾರಿನಲ್ಲಿ ಓಡಿ ಹೋಗದ ಹಾಗೆ ಅಡ್ಡಲಾಗಿ ಕಾಲುವೆ ತೆಗೆಯಬೇಕು. ಅಡ್ಡ ಎಂದರೆ ಹೇಗಾದರೂ ಅಡ್ಡ ಎಂದಲ್ಲ, ಸರಿಯಾಗಿ ಒಂದೇ ಮಟ್ಟದಲ್ಲಿ. ಕಣ್ಣಂದಾಜು ಇಲ್ಲಿ ಕೈಕೊಡುತ್ತದೆ.

ಮೇಸ್ತ್ರಿಗಳು ಬಳಸುವ ಪಾರದರ್ಶಕ ಪೈಪು ಸಾಕು. ಹತ್ತು ಹದಿನೈದು ಮೀಟರ್ ಉದ್ದದ ಪೈಪಿಗೆ ನೀರು ತುಂಬುತ್ತಾರೆ. ಒಳಗೆ ಗಾಳಿಗುಳ್ಳೆ ಇರಬಾರದು. ಇದ್ದರೆ ಬೆರಳಿನಿಂದ ತಟ್ಟಿ ತಟ್ಟಿ ಹೊರಗೆ ಕಳಿಸಬೇಕು. ಪೈಪಿನ ಎರಡು ತುದಿಗಳನ್ನು ಒಂದೇ ಎತ್ತರದ ಎರಡು ಕೋಲಿಗೆ ಕಟ್ಟಿ, ಎರಡು ಕೋಲಿನಲ್ಲೂ ಒಂದೇ ಎತ್ತರಕ್ಕೆ ಗುರುತು ಹಾಕುತ್ತಾರೆ. ಒಬ್ಬರು ಒಂದು ಕೋಲು ಹಿಡಿದು ನಿಂತಲ್ಲೇ ನಿಲ್ಲುತ್ತಾರೆ. ಇನ್ನೊಬ್ಬರು ಇನ್ನೊಂದು ಕೋಲು ಹಿಡಿದು ಗುಡ್ಡೆಯ ಬದಿಯಲ್ಲಿ ಮುಂದೆ ಹೋಗುತ್ತಾರೆ. ಎರಡು ಕಡೆಯೂ ನೀರು ಗುರುತಿಗೆ ಸಮವಾಗಿ ನಿಲ್ಲುವ ತನಕ ಎರಡನೆಯವರು ‘ಇನ್ನು ಸ್ವಲ್ಪ ಮೇಲೆ, ಇನ್ನು ಸ್ವಲ್ಪ ಕೆಳಗೆ’ ಎಂದು ಕಾಲು ಸರಿಸುತ್ತಿರಬೇಕು. ನೀರು ನಿಂತಿತೋ, ಅಲ್ಲಿ ಒಂದು ಗೂಟ. ಈಗ ಮೊದಲನೆಯವರು ಆ ಗೂಟಕ್ಕೆ ಬರುತ್ತಾರೆ, ಎರಡನೆಯವರು ಮುಂದಕ್ಕೆ. ಹೀಗೆ ಗೂಟ ಹೊಡೆಯುತ್ತ ಹೋಗಿ, ಎಲ್ಲ ಗೂಟಗಳನ್ನು ಸೇರಿಸಿ ಸುಣ್ಣದ ಪುಡಿ ಉದುರಿಸಿದರೆ ಒಂದು ಗೆರೆ ಬರುತ್ತದೆ. ಗುಡ್ಡೆ ಒಳಸರಿದಲ್ಲಿ ಗೆರೆಯೂ ಒಳಗೆ ಬಾಗುತ್ತದೆ, ಉಬ್ಬಿದಲ್ಲಿ ಹೊರಗೆ ಬಾಗುತ್ತದೆ. ಅದು ಕಾಂಟೂರ್. ಅದರ ಮೇಲೆ ಕಾಲುವೆ ತೆಗೆದರೆ ಮಳೆನೀರು ಉದ್ದಕ್ಕೂ ಸಮನಾಗಿ ನಿಂತು ಇಂಗುತ್ತದೆ. ಗೆರೆ ಒಂದು ಕಡೆ ತಗ್ಗಿದರೂ ನೀರೆಲ್ಲ ಅಲ್ಲಿಗೆ ನುಗ್ಗಿ ಬದು ಒಡೆದು ಹೋಗುತ್ತದೆ. ಕೃಷಿ ಇಲಾಖೆಯವರ ಬಾಯಲ್ಲಿ ಬರುವ ಕಾಂಟೂರ್ ಬದು ಇದೇ. ಅದನ್ನು ಯಾರೂ ಔಟ್‌ಲೈನ್ ಬದು ಎನ್ನುವುದಿಲ್ಲ. ಜಾಗದ ಔಟ್‌ಲೈನಿನಲ್ಲಿ ಇರುವುದು ಬೇಲಿ, ಇಲ್ಲವೇ ಅಗಳು.

ಜಾಗ ಕೊಳ್ಳುವವರಿಗೆ ಈ ವ್ಯತ್ಯಾಸ ದುಡ್ಡಿನ ವ್ಯತ್ಯಾಸವೂ ಹೌದು. ಸರ್ವೆ ಸ್ಕೆಚ್ಚಿನಲ್ಲಿ ಕಾಣುವುದು ಜಾಗದ ಔಟ್‌ಲೈನ್: ಈ ಕಡೆ ಇಷ್ಟು ಮೀಟರ್, ಆ ಕಡೆ ಇಷ್ಟು, ಒಟ್ಟು ಇಷ್ಟು ಸೆಂಟ್ಸ್. ಬಯಲಿನ ಹತ್ತು ಸೆಂಟ್ಸೂ, ಕಡಿದಾದ ಗುಡ್ಡೆಯ ಹತ್ತು ಸೆಂಟ್ಸೂ ಸ್ಕೆಚ್ಚಿನಲ್ಲಿ ಒಂದೇ ಥರ ಕಾಣುತ್ತವೆ. ಅಳತೆಯನ್ನು ಚಪ್ಪಟೆ ಲೆಕ್ಕದಲ್ಲಿ ಹಿಡಿಯುವುದರಿಂದ 30 ಡಿಗ್ರಿ ಓರೆಯ ಜಾಗದಲ್ಲಿ ನಿಮ್ಮ ಕಾಲಡಿಗೆ ಸಿಗುವ ನೆಲ ಸ್ಕೆಚ್ಚಿಗಿಂತ ಸುಮಾರು 15 ಶೇಕಡ ಜಾಸ್ತಿಯೇ ಇರುತ್ತದೆ. ಕೇಳಲು ಲಾಭ ಅನಿಸುತ್ತದೆ. ಮನೆ ಕಟ್ಟಲು ಹೊರಟಾಗ ಜೆಸಿಬಿಯ ಗಂಟೆ ಲೆಕ್ಕ, ಮುರಕಲ್ಲಿನ ತಡೆಗೋಡೆಯ ಲೆಕ್ಕ ಬಂದಾಗ ಲಾಭ ಎಲ್ಲಿ ಹೋಯಿತು ಎಂದು ಗೊತ್ತಾಗುತ್ತದೆ. ಅದಕ್ಕೇ ಎಂಜಿನಿಯರುಗಳು ದೊಡ್ಡ ಕಟ್ಟಡ ಆದರೆ ಮೊದಲು ಕಾಂಟೂರ್ ಸರ್ವೆ ಮಾಡಿಸಿ ಎನ್ನುವುದು.

ಚಿತ್ರ ಬರೆಯುವವರ ಲೋಕದಲ್ಲಿ ಎರಡು ಪದಗಳು ಸ್ವಲ್ಪ ಹತ್ತಿರ ಬರುತ್ತವೆ. ಅಲ್ಲಿ ಕಾಂಟೂರ್ ಎಂದರೆ ಅಂಚೂ ಸೇರುತ್ತದೆ. ಆದರೂ ಒಂದೇ ಅಲ್ಲ. ಸುಲಿಯದ ಒಂದು ತೆಂಗಿನಕಾಯಿಯನ್ನು ಮೇಜಿನ ಮೇಲಿಟ್ಟು ಅದರ ಸುತ್ತ ಮಾತ್ರ ಗೆರೆ ಎಳೆಯಿರಿ. ಸ್ವಲ್ಪ ಉದ್ದನೆಯ ದುಂಡು ಆಕಾರ ಬರುತ್ತದೆ. ಅದು ತೆಂಗಿನಕಾಯಿಯೋ, ಮಾವಿನಕಾಯಿಯೋ, ನದಿಯ ಕಲ್ಲೋ ಹೇಳುವುದು ಕಷ್ಟ. ಇದು ಔಟ್‌ಲೈನ್. ಈಗ ತೊಟ್ಟಿನಿಂದ ಬುಡಕ್ಕೆ ಇಳಿಯುವ ಏಣುಗಳನ್ನು ನೋಡಿ. ಬೆರಳಿನಿಂದ ಮುಟ್ಟಿದರೆ ಎಲ್ಲಿ ಮೈ ತಿರುಗುತ್ತದೆ ಎಂದು ಗೊತ್ತಾಗುತ್ತದೆ. ಆ ತಿರುವುಗಳನ್ನು ಒಂದೆರಡು ಗೆರೆಯಲ್ಲಿ ಹಾಕಿ, ತೊಟ್ಟಿನ ಗುಳಿಯ ಸುತ್ತ ಒಂದು ಬಾಗು ಕೊಡಿ. ನೆರಳು ಹಚ್ಚದೆಯೇ ಕಾಯಿ ಎದ್ದು ಕೂರುತ್ತದೆ. ಒಳಗೆ ಹಾಕಿದ ಆ ಗೆರೆಗಳು ಕಾಂಟೂರ್.

ನ್ಯೂಯಾರ್ಕಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಕಿಮೋನ್ ನಿಕೊಲೈಡೆಸ್ ಎಂಬವರು ಈ ಎರಡನ್ನು ಖಡಾಖಂಡಿತವಾಗಿ ಬೇರೆ ಮಾಡಿದರು. ಔಟ್‌ಲೈನ್ ಚಪ್ಪಟೆ, ಕಾಂಟೂರಿಗೆ ದಪ್ಪ ಉಂಟು ಎಂಬುದು ಅವರ ವಾದದ ಸಾರ. ಅವರು ಮಾಡಿಸುತ್ತಿದ್ದ ಅಭ್ಯಾಸವನ್ನು ಈಗಲೂ ಚಿತ್ರಕಲಾ ಶಾಲೆಗಳಲ್ಲಿ ಮಾಡಿಸುತ್ತಾರೆ: ಕಾಗದ ನೋಡಬಾರದು, ಕಣ್ಣು ವಸ್ತುವಿನ ಮೇಲೆಯೇ ಇರಬೇಕು, ಪೆನ್ಸಿಲಿನ ಮೊನೆ ವಸ್ತುವಿನ ಮೈಯನ್ನೇ ಮುಟ್ಟಿಕೊಂಡು ಹೋಗುತ್ತಿದೆ ಎಂದುಕೊಂಡು ನಿಧಾನವಾಗಿ ಎಳೆಯಬೇಕು. ಚಿತ್ರ ವಿಕಾರವಾಗಿಯೇ ಬರುತ್ತದೆ. ಆದರೆ ಕಣ್ಣು ಪಳಗುತ್ತದೆ.

ನಮ್ಮ ಕಡೆಯ ಚೌಕಿಯಲ್ಲೂ, ಅಂದರೆ ಯಕ್ಷಗಾನದ ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲೂ, ಇದು ಕಾಣಸಿಗುತ್ತದೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಕಣ್ಣಿಗೆ ಕಾಡಿಗೆ ಎಳೆಯುವುದು ಔಟ್‌ಲೈನಿನ ಕೆಲಸ, ಕಣ್ಣು ಎಲ್ಲಿ ಮುಗಿಯಿತು ಎಂದು ದೂರದವರಿಗೂ ತಿಳಿಯಬೇಕು. ಬಣ್ಣದ ವೇಷಕ್ಕೆ ಚಿಟ್ಟಿ ಇಡುವುದನ್ನು ಹತ್ತಿರದಿಂದ ನೋಡಿ. ಅಕ್ಕಿಹಿಟ್ಟು, ಸುಣ್ಣ ಕಲಸಿದ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ತೆಗೆದು ಚುಕ್ಕಿ ಚುಕ್ಕಿಯಾಗಿ ಇಡುತ್ತ ಬರುತ್ತಾರೆ. ಒಣಗಿದ ಮೇಲೆ ಮತ್ತೆ ಅದರ ಮೇಲೆ. ಕೆನ್ನೆ ಉಬ್ಬಿದಲ್ಲಿ ಸಾಲು ಉಬ್ಬುತ್ತದೆ, ಮೂಗಿನ ಬದಿಯಲ್ಲಿ ತಗ್ಗುತ್ತದೆ. ಮುಖದ ಏರಿಳಿತ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಇಂದಿನ ಬ್ಯೂಟಿ ಪಾರ್ಲರಿನಲ್ಲಿ ಕೆನ್ನೆಯ ಕೆಳಗೆ ಗಾಢ ಬಣ್ಣ ಹಚ್ಚಿ ಮೂಳೆ ಎತ್ತಿ ತೋರಿಸುವುದಕ್ಕೆ ಕಾಂಟೂರಿಂಗ್ ಎನ್ನುತ್ತಾರೆ. ತುಟಿಯ ಸುತ್ತ ಪೆನ್ಸಿಲ್ ಎಳೆಯುವುದಕ್ಕೆ ಔಟ್‌ಲೈನ್ ಎನ್ನುತ್ತಾರೆ. ಪಾರ್ಲರಿನವರಿಗೆ ಈ ಪದಗಳಲ್ಲಿ ಗೊಂದಲವೇ ಇಲ್ಲ.

ಧ್ವನಿಗೂ ಕಾಂಟೂರ್ ಇದೆ. ‘ಊಟ ಆಯ್ತು’ ಎಂದು ಹೇಳಿ. ಈಗ ಅದೇ ‘ಊಟ ಆಯ್ತು?’ ಎಂದು ಕೇಳಿ. ಅಕ್ಷರ ಒಂದೂ ಬದಲಾಗಿಲ್ಲ. ಒಂದರಲ್ಲಿ ಸ್ವರ ಕೊನೆಗೆ ಇಳಿಯಿತು, ಇನ್ನೊಂದರಲ್ಲಿ ಏರಿತು. ಭಾಷಾಶಾಸ್ತ್ರದವರು ಇದನ್ನು ಪಿಚ್ ಕಾಂಟೂರ್ ಎನ್ನುತ್ತಾರೆ. ಇಲ್ಲಿ ಔಟ್‌ಲೈನ್ ಹಾಕಲು ಬರುವುದೇ ಇಲ್ಲ, ಏಕೆಂದರೆ ಸ್ವರಕ್ಕೆ ಅಂಚಿಲ್ಲ, ಏರಿಳಿತ ಮಾತ್ರ ಇದೆ. ತಾಳಮದ್ದಳೆಯಲ್ಲಿ ಎರಡೂ ಸಿಗುತ್ತವೆ. ಪ್ರಸಂಗದ ಪದ್ಯಗಳು ಕಥೆಯ ಔಟ್‌ಲೈನ್ ಕೊಡುತ್ತವೆ: ಯಾರು ಬಂದರು, ಏನು ಕೇಳಿದರು, ಯಾರು ಸೋತರು. ಅರ್ಥಧಾರಿ ಆ ಚೌಕಟ್ಟಿನೊಳಗೆ ದನಿ ಎತ್ತಿ, ತಗ್ಗಿಸಿ, ತಡೆದು ನಡೆಸುವ ಮಾತಿಗೆ ಕಾಂಟೂರ್ ಇದೆ.

ಕಣ್ಣಿಗೆ ಕಾಣದ ವಿಷಯಗಳಿಗೆ ಬಂದಾಗ ಪತ್ರಿಕೆ ಓದುವವರಿಗೆ ಗಲಿಬಿಲಿ ಜಾಸ್ತಿ. ಪ್ರಬಂಧ ಬರೆಯುವ ಮೊದಲು ಔಟ್‌ಲೈನ್ ಹಾಕಿಕೊಳ್ಳಿ ಎಂದು ಮೇಷ್ಟ್ರು ಹೇಳುತ್ತಾರೆ. ಮುಖ್ಯ ಅಂಶಗಳ ಪಟ್ಟಿ, ಮೊದಲು ಇದು, ಆಮೇಲೆ ಅದು. ಮಂತ್ರಿಗಳು ಯೋಜನೆಯನ್ನು ಔಟ್‌ಲೈನ್ ಮಾಡಿದರು ಎಂದರೆ ಮುಖ್ಯ ಅಂಶಗಳನ್ನು ಬಾಯಿಬಿಟ್ಟು ಹೇಳಿದರು ಎಂದರ್ಥ. ಆದರೆ ಒಪ್ಪಂದದ ಕಾಂಟೂರ್‌ಗಳು ಕಾಣುತ್ತಿವೆ ಎಂದು ಬರೆದರೆ? ಯಾರೂ ಇನ್ನೂ ಬಾಯಿಬಿಟ್ಟಿಲ್ಲ. ಮಾತುಕತೆಯ ದಾರಿ ನೋಡಿದರೆ ಯಾರು ಎಲ್ಲಿ ಬಗ್ಗುತ್ತಾರೆ, ಎಲ್ಲಿ ಗಟ್ಟಿ ನಿಲ್ಲುತ್ತಾರೆ ಎಂಬ ಅಂದಾಜು ಸಿಗುತ್ತಿದೆ, ಅಷ್ಟೇ. ಔಟ್‌ಲೈನನ್ನು ಒಬ್ಬರು ಕೂತು ತಯಾರು ಮಾಡುತ್ತಾರೆ. ಕಾಂಟೂರ್ ತಾನಾಗಿ ಮೂಡಿ ಬರುತ್ತದೆ, ನಾವು ಗುರುತಿಸುತ್ತೇವೆ. ಈ ಅರ್ಥದಲ್ಲಿ ಇಂಗ್ಲಿಷಿನವರು ಕಾಂಟೂರನ್ನು ಬಹುವಚನದಲ್ಲೇ ಬಳಸುವುದು ಹೆಚ್ಚು.

ಈ ಎರಡು ಪದಗಳ ನಡುವಿನ ವ್ಯತ್ಯಾಸ ಎಲ್ಲ ಕಡೆ ಇಷ್ಟು ಸ್ಪಷ್ಟವಾಗಿ ನಿಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಕಂಪ್ಯೂಟರಿಗೆ ಚಿತ್ರ ಓದಲು ಕಲಿಸುವವರು ಕಾಂಟೂರ್ ಎಂದು ಕರೆಯುವುದು ಆಕಾರದ ಅಂಚನ್ನೇ, ಅಂದರೆ ನಾವು ಇಷ್ಟು ಹೊತ್ತು ಔಟ್‌ಲೈನ್ ಎಂದದ್ದನ್ನು. ಗಣಿತದಲ್ಲಂತೂ ಕಾಂಟೂರ್ ಎಂದರೆ ಲೆಕ್ಕ ಮಾಡಲು ಹಿಡಿದುಕೊಂಡು ಹೋಗುವ ಒಂದು ದಾರಿ. ಆ ಕ್ಷೇತ್ರದವರ ಜೊತೆ ವಾದ ಮಾಡಿ ಪ್ರಯೋಜನವಿಲ್ಲ, ಅವರವರ ರೂಢಿ ಅವರವರಿಗೆ. ಅಕ್ಷರಕ್ಕೆ ಔಟ್‌ಲೈನ್ ಫಾಂಟ್ ಎನ್ನುವುದು ಮಾತ್ರ ಎಲ್ಲರಿಗೂ ಗೊತ್ತು: ಅಂಚು ಮಾತ್ರ ಇದ್ದು ಒಳಗೆ ಖಾಲಿ ಇರುವ ಅಕ್ಷರ.

ಇವೆರಡರ ಪಕ್ಕದಲ್ಲಿ ಸುಳಿಯುವ ಮೂರನೆಯವನು ಸಿಲೂಯೆಟ್. ಫ್ರಾನ್ಸಿನಲ್ಲಿ 1759ರಲ್ಲಿ ಕೆಲವು ತಿಂಗಳು ಹಣಕಾಸು ಮಂತ್ರಿಯಾಗಿದ್ದ ಎಟಿಯೆನ್ ದ ಸಿಲೂಯೆಟ್ ಎಂಬವನ ಹೆಸರು ಅದು. ಖರ್ಚು ಕಡಿತಕ್ಕೆ ಹೆಸರಾಗಿದ್ದ ಅವನ ಕಾಲದಲ್ಲಿ ಕಪ್ಪು ಕಾಗದ ಕತ್ತರಿಸಿ ಮಾಡುವ ಅಗ್ಗದ ಮುಖಚಿತ್ರಗಳು ಚಾಲ್ತಿಯಲ್ಲಿದ್ದವು, ಹೆಸರು ಅದಕ್ಕೆ ಅಂಟಿಕೊಂಡಿತು. ಔಟ್‌ಲೈನಿನ ಒಳಗೆ ಕಪ್ಪು ತುಂಬಿದರೆ ಸಿಲೂಯೆಟ್. ಸಂಜೆ ಬೇಕಲದ ದಂಡೆಯಲ್ಲಿ ಸೂರ್ಯನಿಗೆ ಅಡ್ಡ ನಿಂತು ತೆಗೆಸಿಕೊಳ್ಳುವ ಫೋಟೋಗಳೆಲ್ಲ ಈ ಜಾತಿಯವು.

ಬರೆಯುವಾಗ ಅನುಮಾನ ಬಂದರೆ ಒಂದು ಪ್ರಶ್ನೆ ಹಾಕಿಕೊಳ್ಳಬಹುದು: ಈ ಗೆರೆ ಒಳಗನ್ನು ಹೊರಗಿನಿಂದ ಬೇರೆ ಮಾಡುತ್ತಿದೆಯೋ, ಮೈಯ ಏರಿಳಿತ ತೋರಿಸುತ್ತಿದೆಯೋ? ರಾಜ್ಯದ ಗಡಿ, ಹಸ್ತದ ಸುತ್ತ ಪೆನ್ನಿನಿಂದ ಎಳೆದ ಗೆರೆ, ರಂಗೋಲಿಯಲ್ಲಿ ಬಣ್ಣ ತುಂಬುವ ಮೊದಲಿನ ಗೆರೆ, ಸಿನಿಮಾಗಳಲ್ಲಿ ಪೊಲೀಸರು ಶವದ ಸುತ್ತ ಎಳೆಯುವ ಸೀಮೆಸುಣ್ಣದ ಗೆರೆ, ಇವೆಲ್ಲ ಔಟ್‌ಲೈನ್. ಕಾರಿನ ಬಾನೆಟ್ಟಿನ ಬಾಗು, ಬೆನ್ನಿಗೆ ಸರಿಹೊಂದುವ ಕುರ್ಚಿಯ ತಿರುವು, ಹಕ್ಕಿಯ ಮೈಗೆ ಆಕಾರ ಕೊಡುವ ಹೊರ ಗರಿಗಳು, ಇವಕ್ಕೆ ಕಾಂಟೂರ್. ಪೊಸಡಿಗುಂಪೆಯ ಬಗ್ಗೆ ಬರೆಯುವಾಗ ಎರಡೂ ಬೇಕಾಗುತ್ತದೆ: ಮುಸ್ಸಂಜೆ ಆಕಾಶಕ್ಕೆ ಎದುರಾಗಿ ಕಾಣುವುದು ಅದರ ಔಟ್‌ಲೈನ್, ಬೆಳಗ್ಗೆ ಓರೆ ಬಿಸಿಲಿನಲ್ಲಿ ಹುಲ್ಲಿನ ಮೈಮೇಲೆ ಕಾಣುವ ಉಬ್ಬುತಗ್ಗು ಅದರ ಕಾಂಟೂರ್. ಕ್ರಿಯಾಪದವಾಗಿ ಔಟ್‌ಲೈನ್ ದಿನಬಳಕೆಯದು, ಕಾಂಟೂರ್ ಪಾರ್ಲರು, ಹೊಲ, ರಸ್ತೆ ಕೆಲಸದ ಆಚೆ ಅಪರೂಪ. ಇನ್ನು ಪ್ರಬಂಧಕ್ಕೆ, ಭಾಷಣಕ್ಕೆ, ಪಾಠದ ಯೋಜನೆಗೆ ಔಟ್‌ಲೈನ್ ಮಾತ್ರ. ‘ನನ್ನ ಪ್ರಬಂಧದ ಕಾಂಟೂರ್ ಹಾಕಿದ್ದೇನೆ’ ಎಂದು ಇಂಗ್ಲಿಷಿನಲ್ಲಿ ಯಾರೂ ಬರೆಯುವುದಿಲ್ಲ.